ಕಿನ್ನರಿಯರು ಬದಲಿಸಿದ ಮಗು

2024ರ ಡಿಸೆಂಬರ್ ಮೊದಲ ವಾರದಲ್ಲಿ, ಸೌದಿಯ ದಹ್ರಾನ್‌ನ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿದ್ದ ಹನೀಫ್ ಮತ್ತು ರಮೀಝ ದಂಪತಿ ತಮ್ಮ ಕಿರಿಯ ಮಗಳು ಸನಾಳನ್ನು ಅಜ್ಜಿಯ ಜೊತೆ ಊರಿಗೆ ಕಳುಹಿಸಲು ತೀರ್ಮಾನಿಸಿದರು. ಮಗುವಿಗೆ ಆಗ ಮೂರೂವರೆ ವರ್ಷ. ಅದು ಮಾತಾಡುತ್ತಿರಲಿಲ್ಲ. ಊರೆಂದರೆ ಉಳ್ಳಾಲದ ಹತ್ತಿರದ ಒಂದು ಹಳ್ಳಿ. ಒಂದು ವರ್ಷ ಅಲ್ಲಿರಲಿ, ಮಾತು ಬಂದ ಮೇಲೆ ಕರೆಸಿಕೊಳ್ಳೋಣ ಎಂಬುದು ತೀರ್ಮಾನ.

ಈಗ ನಾವು ರಿಯಾದ್‌ನಲ್ಲಿದ್ದೇವೆ. ಕಳೆದ ತಿಂಗಳು ಮೆಟ್ರೋದಲ್ಲಿ ಪಕ್ಕದ ಸೀಟಿಗೆ ಬಂದು ಕುಳಿತ ಹೆಂಗಸಿನ ಕಪ್ಪು ನಿಲುವಂಗಿ ಅಬಾಯಾದಿಂದ ಲೋಬಾನದ ವಾಸನೆ ಬಂತು. ಊದುಬತ್ತಿಯದಲ್ಲ, ಕೆಂಡದ ಮೇಲೆ ಉದುರಿಸಿದ ಲೋಬಾನದ್ದು. ಎರಡು ನಿಲ್ದಾಣ ದಾಟುವಷ್ಟರಲ್ಲಿ ದಹ್ರಾನ್‌ನ ಆ ಮನೆ, ಆ ಚಳಿಗಾಲ ಒಂದೊಂದಾಗಿ ನೆನಪಾಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಗಳೂರಿನ ಒಂದು ಪತ್ರಿಕೆಯ ಜಿಲ್ಲಾ ಡೆಸ್ಕ್‌ನಲ್ಲಿ ಹಲವು ವರ್ಷ ಕೆಲಸ ಮಾಡಿ, ಗಂಡನ ನೌಕರಿಯ ಕಾರಣಕ್ಕೆ ಇಲ್ಲಿಗೆ ಬಂದವಳು. ಆ ಡೆಸ್ಕ್‌ನಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದಿತ್ತು: ಕಂಡದ್ದನ್ನು ಒಂದು ವಾಕ್ಯದಲ್ಲಿ ಬರೆ, ಕಾರಣವನ್ನು ಇನ್ನೊಂದು ವಾಕ್ಯದಲ್ಲಿ ಬರೆ, ಎರಡನ್ನೂ ಬೆರೆಸಬೇಡ. ಆ ಪಾಠ ಡೆಸ್ಕ್‌ನ ಹೊರಗೆ ಉಪಯೋಗಕ್ಕೆ ಬಂದದ್ದು ನನಗೆ ನೆನಪಿರುವಂತೆ ಒಂದೇ ಸಲ.

ನಮ್ಮ ಕಟ್ಟಡ ತೈಲ ಕಂಪೆನಿಯ ದೊಡ್ಡ ಗೇಟಿನ ಹೊರಗಿತ್ತು. ಒಳಗಿನವರಿಗೆ ಹುಲ್ಲುಹಾಸು, ಈಜುಕೊಳ. ಹೊರಗೆ ಗುತ್ತಿಗೆ ಕಂಪೆನಿಗಳ ನೌಕರರ ಸಂಸಾರಗಳು, ಕೆಳಗೊಂದು ಬಕಾಲೆ ಎಂಬ ದಿನಸಿ ಅಂಗಡಿ, ಎದುರಿಗೆ ಮಸೀದಿ. ನವೆಂಬರ್ ಕೊನೆಗೆ ಕಡಲ ಕಡೆಯ ಸೆಕೆ ಇಳಿದು, ಎಸಿಗಳು ಒಂದೊಂದಾಗಿ ನಿಂತು, ಜನ ಕಿಟಕಿ ತೆರೆಯುತ್ತಾರೆ. ಬೇಸಿಗೆಯುದ್ದಕ್ಕೂ ಕೇಳದಿದ್ದ ಪಕ್ಕದ ಮನೆಯ ಕುಕ್ಕರಿನ ಸೀಟಿ, ಮೇಲಿನ ಮನೆಯ ಮಕ್ಕಳ ಜಗಳ, ಬೀದಿಯ ಬೆಕ್ಕು, ಎಲ್ಲ ಕೇಳತೊಡಗುತ್ತವೆ. ಒಂದು ದಿನ ಮಳೆಯೂ ಬಂತು. ಚರಂಡಿಯಿಲ್ಲದ ರಸ್ತೆ ಕೆರೆಯಾಯಿತು. ಶಾಲೆಗೆ ರಜೆ ಕೊಟ್ಟರು. ನಮ್ಮೂರ ಕಡೆಯವರು ಮಾತ್ರ ಬಾಲ್ಕನಿಯಲ್ಲಿ ಚಹಾ ಹಿಡಿದು ನಿಂತು, ಇದೆಂತ ಮಳೆ ಮಾರಾಯ, ಎಂದು ನಕ್ಕರು.

ಹನೀಫ್ ಒಂದು ಗುತ್ತಿಗೆ ಕಂಪೆನಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಜುಬೈಲ್‌ನಿಂದ ವರ್ಗವಾಗಿ ಆ ವರ್ಷದ ಬೇಸಿಗೆಯಲ್ಲಿ ಬಂದವರು. ರಮೀಝ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ದೊಡ್ಡ ಮಗಳು ಅಫ್ರಾ ಇಂಡಿಯನ್ ಸ್ಕೂಲಿನಲ್ಲಿ ಎಂಟನೇ ತರಗತಿ. ಚಿಕ್ಕವಳು ಸನಾ. ಹನೀಫ್‌ನ ತಾಯಿ ನೆಬಿಸಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹಿಂದಿನ ಚಳಿಗಾಲದಲ್ಲೂ ಬಂದು, ಜುಬೈಲ್‌ನಲ್ಲಿ ಎರಡು ತಿಂಗಳಿದ್ದು ಹೋಗಿದ್ದರಂತೆ.

ಸನಾ ಮಾತಾಡದಿರುವುದಕ್ಕೆ ಕಟ್ಟಡದವರೆಲ್ಲ ಒಂದೇ ಕಾರಣ ಹೇಳುತ್ತಿದ್ದರು. ಮನೆಯಲ್ಲಿ ಬ್ಯಾರಿ, ನಮ್ಮಂಥವರ ಜೊತೆ ಕನ್ನಡ, ಎದುರು ಮನೆಯಲ್ಲಿ ಮಲಯಾಳ, ಮೆಟ್ಟಿಲ ಮೇಲೆ ಆಡುವ ಮಕ್ಕಳದ್ದು ಹಿಂದಿ, ಅಕ್ಕನದ್ದು ಇಂಗ್ಲಿಷ್, ಬಕಾಲೆಗೆ ಹೋದರೆ ಅರಬಿ. ಇಷ್ಟರ ನಡುವೆ ಮಗು ಯಾವುದನ್ನು ಹಿಡಿಯಬೇಕು? ಎಲ್ಲರ ಬಳಿಯೂ ಒಂದೊಂದು ಉದಾಹರಣೆ ಇತ್ತು. ಒಬ್ಬರ ಅಣ್ಣನ ಮಗ ನಾಲ್ಕಕ್ಕೆ ಬಾಯಿಬಿಟ್ಟವನು ಈಗ ವಕೀಲನಾಗಿದ್ದಾನೆ. ಇನ್ನೊಬ್ಬರ ಸೊಸೆಯ ಮಗು ಊರಿಗೆ ಹೋಗಿ ಆರೇ ತಿಂಗಳಿಗೆ ಪಟಪಟನೆ ಮಾತು ಕಲಿಯಿತು. ನಾನೂ ಅದನ್ನೇ ಹೇಳಿದ್ದೆ. ಕೊಲ್ಲಿಯಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಈ ಮಾತು ಸುಲಭವಾಗಿ ನಂಬಿಕೆಯಾಗುತ್ತದೆ. ಮಗುವನ್ನು ಒಂದು ವರ್ಷ ಊರಲ್ಲಿಡುವ ಯೋಚನೆ ಅಲ್ಲಿಂದ ಹುಟ್ಟಿದ್ದು. ನೆಬಿಸಮ್ಮ ತಕ್ಷಣ ಒಪ್ಪಿದರು. ಅವರು ಒಪ್ಪಿದ್ದಕ್ಕೆ ಕಾರಣ ಬೇರೆ ಇತ್ತೆಂಬುದು ಆಮೇಲೆ ತಿಳಿಯಿತು. ಹನೀಫ್ ಟಿಕೆಟ್ ಮಾಡಿಸಿದರು, ಮಗುವಿಗೆ ರೀ-ಎಂಟ್ರಿ ವೀಸಾ ತೆಗೆಸಿದರು. ರಮೀಝ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಆಗಲೇ ಅಫ್ರಾ ನನ್ನ ಬಾಗಿಲು ತಟ್ಟಿದ್ದು. ಶಾಲೆಯಲ್ಲಿ ಇಂಗ್ಲಿಷ್ ವಿಭಾಗದ ಪ್ರದರ್ಶನ. ಮೊದಲನೇ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡ್ ಎಂಬ ವಿಷಯವನ್ನು ಗುಂಪುಗಳಿಗೆ ಹಂಚಿದ್ದರು.

"ಬೇರೆಯವರಿಗೆ ಹಡಗು, ಥಿಯೇಟರ್, ರಾಣಿಯ ಡ್ರೆಸ್. ನಮ್ಗೆ ಮಾತ್ರ ಫೇರೀಸ್, ಆಂಟಿ! ಡೇಲಿ ಲೈಫ್ ಆ್ಯಂಡ್ ಫೇರೀಸ್. ಬಾಯ್ಸ್ ಎಲ್ಲ ನಗಾಡ್ತಿದ್ದಾರೆ."

"ನಗ್ಲಿ. ಎಂತ ಗೊತ್ತುಂಟು ನಿಂಗೆ ಅದರ ಬಗ್ಗೆ?"

"ರೆಕ್ಕೆ ಇರ್ತದೆ. ಕೈಯಲ್ಲಿ ಕೋಲು."

ರೆಕ್ಕೆ ಆಮೇಲಿನ ಚಿತ್ರಗಾರರು ಅಂಟಿಸಿದ್ದು ಎಂಬಲ್ಲಿಂದ ನಮ್ಮ ಕೆಲಸ ಶುರುವಾಯಿತು. ಕೆಲಸ ನಡೆದದ್ದು ಅವರ ಮನೆಯ ಹಾಲ್‌ನಲ್ಲಿ, ದಪ್ಪ ಕಾರ್ಪೆಟ್‌ನ ಮೇಲೆ. ಖರ್ಜೂರದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಮನೆ ಮಾಡಿದೆವು. ಮಣ್ಣಿನ ನೆಲಕ್ಕೆ ಆ ಕಾಲದವರು ಜೊಂಡುಹುಲ್ಲು ಹಾಸುತ್ತಿದ್ದರೆಂದು, ನೆಬಿಸಮ್ಮ ಊರಿಂದ ತಂದಿದ್ದ ಹಿಡಿಸೂಡಿ ಪೊರಕೆಯ ನಾಲ್ಕು ಕಡ್ಡಿ ಕೇಳಿ ಪಡೆದು ಸಣ್ಣದಾಗಿ ಕತ್ತರಿಸಿ ಹರಡಿದೆವು. ಹುಲ್ಲಿನ ಮೇಲೆಯೇ ಎಲುಬು ಎಸೆಯುತ್ತಿದ್ದರು, ಉಗುಳುತ್ತಿದ್ದರು, ಮೇಲಿಂದ ಇನ್ನೊಂದು ಪದರ ಹುಲ್ಲು ಹಾಕುತ್ತಿದ್ದರು ಎಂದು ಅಫ್ರಾ ಓದಿ ಹೇಳಿದಳು.

"ಛೀ," ಎಂದರು ಸೋಫಾದ ಮೇಲಿದ್ದ ನೆಬಿಸಮ್ಮ. "ರಾಣಿ ಇದ್ದ ದೇಶವಾ ಇದು? ಗುಡಿಸ್ಲಿಕ್ಕೆ ಸೋಮಾರಿತನ, ಅಷ್ಟೆ."

"ಅದಕ್ಕೇ ಫೇರಿ ಇದ್ದದ್ದು," ಎಂದಳು ಅಫ್ರಾ. ರಾತ್ರಿ ಮಲಗುವ ಮೊದಲು ಒಲೆಯ ಸುತ್ತ ಗುಡಿಸಿ, ಒಂದು ಬಟ್ಟಲು ಹಾಲು, ಒಂದು ಪಾತ್ರೆ ನೀರು ಇಡಬೇಕು. ಇಟ್ಟರೆ ಕೆಲಸದ ಹುಡುಗಿಯ ಚಪ್ಪಲಿಯೊಳಗೆ ಬೆಳಿಗ್ಗೆ ಒಂದು ಬೆಳ್ಳಿ ನಾಣ್ಯ. ಇಡದಿದ್ದರೆ ಮೈಯೆಲ್ಲ ನೀಲಿಗಟ್ಟುವ ಹಾಗೆ ಚಿವುಟುತ್ತವೆ. ಬೆಣ್ಣೆ ಕಟ್ಟದಿದ್ದರೆ ಕಿನ್ನರಿ, ಕುದುರೆಯ ಜೂಲು ಜಡೆಗಟ್ಟಿದರೆ ಕಿನ್ನರಿ, ದಾರಿ ತಪ್ಪಿದರೆ ಕಿನ್ನರಿ.

"ಹಾಲು ಬೆಕ್ಕು ಕುಡಿದಿರ್ತದೆ," ಎಂದರು ನೆಬಿಸಮ್ಮ.

"ನಿಮ್ಮ ಜಿನ್ನ್ ಮಾತ್ರ ಸತ್ಯ, ಅವರ ಫೇರಿ ಬೆಕ್ಕಾ?"

"ಜಿನ್ನ್ ಕುರ್‌ಆನಿನಲ್ಲಿ ಉಂಟು. ಇದು ಎಲ್ಲಿ ಉಂಟು?"

ಅಫ್ರಾ ಮುಂದಿನ ಪುಟ ತಿರುಗಿಸಿದಳು. ಆದರೆ ಕಬ್ಬಿಣದ ವಿಷಯ ಬಂದಾಗ ಅಜ್ಜಿಯೇ ಎದ್ದು ಬಂದು ಕಾರ್ಪೆಟ್‌ನ ಮೇಲೆ ಕುಳಿತರು. ಕಿನ್ನರಿಯರಿಗೆ ಕಬ್ಬಿಣ ಆಗುವುದಿಲ್ಲ, ಅದಕ್ಕೆ ತೊಟ್ಟಿಲ ಮೇಲೆ ಕತ್ತರಿ ಬಿಚ್ಚಿ ತೂಗುಹಾಕುತ್ತಿದ್ದರು ಎಂದದ್ದೇ ತಡ, "ನಮ್ಮಲ್ಲಿ ಬಾಣಂತಿ ಕೋಣೆಯಲ್ಲಿ ಕತ್ತಿ ಇಡ್ತಾರಲ್ಲ! ನಿಮ್ಮಲ್ಲಿ?" ಎಂದು ನನ್ನನ್ನು ಕೇಳಿದರು. ನಮ್ಮಲ್ಲೂ ಚಾಪೆಯ ಅಡಿಯಲ್ಲಿ ಇಡುತ್ತಾರೆ ಎಂದೆ. "ಮತ್ತೆ? ಆ ಬಿಳಿಯರಿಗೆ ಇದನ್ನು ಹೇಳಿಕೊಟ್ಟದ್ದು ಯಾರು?"

ಕೊನೆಯ ಭಾಗ ಬದಲಿಸಿದ ಮಗುವಿನದ್ದು. ಕಿನ್ನರಿಯರು ತೊಟ್ಟಿಲಿನ ಮಗುವನ್ನು ಕದ್ದು, ತಮ್ಮದೊಂದನ್ನು ಅದೇ ರೂಪದಲ್ಲಿ ಇಟ್ಟು ಹೋಗುತ್ತಾರೆ. ಹಾಗೆ ಬಂದ ಮಗು ತಿನ್ನುತ್ತದೆ, ಬೆಳೆಯುವುದಿಲ್ಲ. ಮಾತಾಡುವುದಿಲ್ಲ. ಕರೆದರೆ ನೋಡುವುದಿಲ್ಲ. ಮೊಟ್ಟೆಯ ಚಿಪ್ಪಿನಲ್ಲಿ ಅಡುಗೆ ಮಾಡಿ ತೋರಿಸಿದರೆ ಅದು ಅಚ್ಚರಿಗೆ ಬಾಯಿಬಿಟ್ಟು ಮಾತಾಡಿ ಸಿಕ್ಕಿಬೀಳುತ್ತದೆ. ಮೊಟ್ಟೆಚಿಪ್ಪಿನ ಕತೆ ಆ ಕಾಲದ್ದೇ ಎನ್ನಲು ನನಗೆ ಆಧಾರ ಸಿಗಲಿಲ್ಲ, ತೆಗೆಯಲು ಹೇಳಿದೆ.

"ಅದೇ ಬೆಸ್ಟ್ ಪಾಯಿಂಟ್ ಆಂಟಿ! ನಾವು ಮೊಟ್ಟೆ ಸಹ ಒಡೆದಾಗಿದೆ."

"ಆಮ್ಲೆಟ್ ಮಾಡು. ಮುಂದಿನದ್ದು ಓದು."

ಮುಂದಿನದ್ದು ಕಠಿಣವಾಗಿತ್ತು. ತಮ್ಮ ಮಗುವನ್ನು ಮರಳಿ ಪಡೆಯಲು ಕೆಲವರು ಆ ಮಗುವನ್ನು ಹೊಡೆಯುತ್ತಿದ್ದರು, ಗೊಬ್ಬರದ ಗುಂಡಿಯ ಬಳಿ ಹೊರಗೆ ಬಿಡುತ್ತಿದ್ದರು. ಅದರ ಅಳು ಕೇಳಲಾರದೆ ಕಿನ್ನರಿಯರು ಬಂದು ಅದಲುಬದಲು ಮಾಡುತ್ತಾರೆಂಬ ನಂಬಿಕೆ.

"ಮಗುವನ್ನ ಹೊರಗೆ ಬಿಡುದಾ?" ನೆಬಿಸಮ್ಮನ ಧ್ವನಿ ಏರಿತು. "ಎಂತ ಜನ ಮಾರಾಯ್ತಿ ಅವರು! ನಮ್ಮಲ್ಲಿ ಹಾಗೆಲ್ಲ ಇಲ್ಲ. ಉಸ್ತಾದರು ಕುರ್‌ಆನ್ ಓದಿ ನೀರಿಗೆ ಊದಿ ಕೊಡ್ತಾರೆ, ಅಷ್ಟೇ. ಮಗುವಿಗೆ ನೋವು ಮಾಡ್ಲಿಕ್ಕಿಲ್ಲ."

"ಯಾವ ಮಗುವಿಗೆ?" ಎಂದು ಕೇಳಿದೆ.

ಅವರು ಗದ್ದ ಎತ್ತಿ ತೋರಿಸಿದರು. ಸನಾ ಕಾರ್ಪೆಟ್‌ನ ಇನ್ನೊಂದು ತುದಿಯಲ್ಲಿ ನಮಗೆ ಬೆನ್ನು ಹಾಕಿ, ಖರ್ಜೂರದ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

"ಮಾಮಿ!" ಅತ್ತೆಯನ್ನು ತಡೆಯಲು ರಮೀಝ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು.

"ಹೇಳ್ತೇನೆ, ಎಷ್ಟು ದಿನ ಬಾಯಿ ಮುಚ್ಚಿ ಕೂತ್ಕೊಳ್ಳುದು? ಹೋದ ವರ್ಷ ಜುಬೈಲಿನಲ್ಲಿ ನಾನು ಎತ್ತಿ ಆಡಿಸಿದ ಮಗು ಇದಲ್ಲ. ನಿಮಗೆ ದಿನಾ ನೋಡಿ ಗೊತ್ತಾಗ್ಲಿಲ್ಲ. ನಾನು ಬಾಗಿಲಲ್ಲಿ ಕಾಲಿಟ್ಟ ಕೂಡ್ಲೆ ಗೊತ್ತಾಯ್ತು. ಮಗ್ರಿಬ್ ಹೊತ್ತಿಗೆ, ಸೂರ್ಯ ಮುಳುಗುವಾಗ, ಕಡಲ ಬದಿಗೆ ಕರ್ಕೊಂಡು ಹೋಗಿದ್ದೀರಲ್ಲ, ಆವಾಗ ಆದದ್ದು ಇದು. ಊರಿಗೆ ಕೊಂಡು ಹೋಗಿ ಉಸ್ತಾದರಿಗೆ ತೋರಿಸ್ತೇನೆ ಅಂತಲೇ ನಾನು ಹೂಂ ಹೇಳಿದ್ದು."

ಅಫ್ರಾ ಕತ್ತರಿ ಕೆಳಗಿಟ್ಟಳು. ನಾನು ಡೆಸ್ಕ್‌ನಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ.

"ನೆಬಿಸಮ್ಮ, ಜಿನ್ನ್ ವಿಷಯ ಆಮೇಲೆ ಮಾತಾಡುವ. ನೀವು ಕಣ್ಣಲ್ಲಿ ನೋಡಿದ್ದು ಎಂತ? ಆಗ ಹೇಗಿತ್ತು, ಈಗ ಹೇಗುಂಟು, ಅದನ್ನು ಮಾತ್ರ ಹೇಳಿ."

"ನೀವೆಂತ ಪೊಲೀಸಾ?"

"ಪೇಪರಿನವಳು."

"ಎರಡೂ ಒಂದೇ," ಎಂದರು. ಆದರೆ ಹೇಳಿದರು. "ಜುಬೈಲಿನಲ್ಲಿ ಮಸೀದಿಯಿಂದ ಬಾಂಗ್ ಕೂಗಿದ ಕೂಡ್ಲೆ ಇದು ಎಲ್ಲಿದ್ರೂ ಓಡಿ ಬರ್ತಿತ್ತು. ನನ್ನ ಶಾಲು ಎಳೆದು ತಲೆಗೆ ಹಾಕ್ಕೊಂಡು ನನ್ನ ಪಕ್ಕ ಕೂತ್ಕೊಳ್ತಿತ್ತು. 'ಅಲ್ಲಾ' ಹೇಳ್ತಿತ್ತು. 'ಉಮ್ಮ' ಹೇಳ್ತಿತ್ತು. ಈಗ ಮಸೀದಿ ಎದುರೇ ಉಂಟು. ಬಾಂಗ್ ಆಗ್ತದೆ, ಇದು ತಲೆ ಎತ್ತುದಿಲ್ಲ. ಬಾಂಗ್ ಅಂದ್ರೆ ಆಗದ್ದು ಜಿನ್ನಿಗೆ ಅಲ್ವಾ? ಅದಕ್ಕೇ ಹೇಳಿದ್ದು."

ಬೆರೆತಿದ್ದ ಎರಡು ವಾಕ್ಯಗಳು ಅಲ್ಲಿ ಬೇರೆಯಾದವು. ಮಗು ಮೊದಲು ಬಾಂಗಿಗೆ ಓಡಿ ಬರುತ್ತಿತ್ತು, ಈಗ ತಲೆ ಎತ್ತುವುದಿಲ್ಲ. ಇದು ಕಂಡದ್ದು. ಜಿನ್ನ್ ಎಂಬುದು ಕಾರಣ. ನಮ್ಮ ಆರು ಭಾಷೆಗಳೂ ಕಾರಣದ ಸಾಲಿಗೇ ಸೇರಿದವು. ಎರಡು ಮಾತು ಕಲಿತು ಮತ್ತೆ ಮರೆತ ಮಗುವನ್ನು ಭಾಷೆಗಳ ಗದ್ದಲದಲ್ಲಿ ಗೊಂದಲಗೊಂಡ ಮಗು ಎನ್ನುವುದು ಸರಿಹೊಂದುವುದಿಲ್ಲ.

"ನಡುವೆ ಎಂತ ಆಯ್ತು ರಮೀಝ?"

"ಜ್ವರ ಬಂದಿತ್ತು ಶೈಲಕ್ಕ. ಮಾಮಿ ಊರಿಗೆ ಹೋದ ಮೇಲೆ. ಜೋರು. ಒಂದು ವಾರ ಆಸ್ಪತ್ರೆಯಲ್ಲಿ ಇಟ್ಟಿದ್ರು. ಮತ್ತೊಮ್ಮೆ ಚೆಕಪ್ಪಿಗೆ ಬನ್ನಿ ಹೇಳಿದ್ರು. ಅಷ್ಟರಲ್ಲಿ ಇವರಿಗೆ ಇಲ್ಲಿಗೆ ವರ್ಗ ಆಯ್ತು. ಹೊಸ ಇನ್ಶೂರೆನ್ಸ್ ಕಾರ್ಡ್ ಬರ್ಲಿಕ್ಕೆ ತಡ ಆಯ್ತು. ಕಾರ್ಡ್ ಬರುವಾಗ ಇವಳು ಓಡಾಡ್ತಿದ್ದಳು, ಉಣ್ತಿದ್ದಳು…"

ಇಳಿಹೊತ್ತಿನ ಅಸರ್ ಬಾಂಗ್ ಆಯಿತು. ತೆರೆದ ಕಿಟಕಿಯಿಂದ ಧ್ವನಿ ಕೋಣೆ ತುಂಬಿತು. ಅತ್ತೆ ಸೊಸೆ ಇಬ್ಬರೂ ಶಾಲು ತಲೆಯ ಮೇಲೆ ಎಳೆದುಕೊಂಡರು. ಸನಾ ಇನ್ನೊಂದು ಬೀಜ ಇಟ್ಟು, ಸಾಲು ನೆಟ್ಟಗಿದೆಯೇ ಎಂದು ತಲೆ ಓರೆ ಮಾಡಿ ನೋಡಿದಳು.

ಮರುದಿನ ಬೆಳಿಗ್ಗೆ ನೆಬಿಸಮ್ಮ ತಾವಾಗಿ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಮಂಡಿನೋವಿನವರು. ಅದುವರೆಗೆ ಬಂದವರಲ್ಲ. "ಬನ್ನಿ, ಒಂದು ತೋರಿಸ್ತೇನೆ," ಎಂದರು. ಕೆಳಗೆ ಸನಾ ಊಟದ ಮೇಜಿನ ಮುಂದೆ ಕುಳಿತಿದ್ದಳು. ಅವರು ಮಗುವಿನ ಹಿಂದೆ ನಿಂತು ತಮ್ಮ ಫೋನಿನ ಬಾಂಗ್ ಅಲಾರಂ ಹಾಕಿದರು. ಮಗು ತಿರುಗಲಿಲ್ಲ. ಅದೇ ಫೋನನ್ನು ಮೇಜಿನ ಮೇಲೆ, ಮಗುವಿನ ಅಂಗೈ ಪಕ್ಕ ಇಟ್ಟರು. ಮೇಜು ಸಣ್ಣಗೆ ನಡುಗಿತು. ಸನಾ ತನ್ನ ಅಂಗೈ ನೋಡಿದಳು, ಫೋನ್ ನೋಡಿದಳು, ಅದರ ಮೇಲೆ ಕೈಯಿಟ್ಟು ನಕ್ಕಳು.

"ಕೈಗೆ ಕೇಳ್ತದೆ," ಎಂದರು ನೆಬಿಸಮ್ಮ. "ಕಿವಿಗೆ ಕೇಳುದಿಲ್ಲ."

ಹನೀಫ್‌ಗೆ ಶುಕ್ರವಾರ ರಜೆ. ಜುಮಾ ನಮಾಜು ಮುಗಿಸಿ ಬಂದ ಮೇಲೆ ವಿಷಯ ಎತ್ತಲಾಯಿತು. ಅವರು ಒಪ್ಪಲಿಲ್ಲ.

"ಶೈಲಕ್ಕ, ನೀವು ಪೇಪರಿನವರು. ಸಣ್ಣದನ್ನು ಹೆಡ್ಡಿಂಗ್ ಮಾಡುದು ನಿಮ್ಗೆ ಅಭ್ಯಾಸ. ಕಿವಿ ಕೇಳದ ಮಗು ಅಂತ ಒಮ್ಮೆ ಹೆಸರು ಬಿದ್ರೆ ಆಮೇಲೆ ಅಳಿಸ್ಲಿಕ್ಕೆ ಆಗ್ತದಾ? ನೋಡಿ." ಎದ್ದು ಹೋಗಿ ಬಾಗಿಲನ್ನು ಜೋರಾಗಿ ಹಾಕಿದರು. ಸನಾ ತಿರುಗಿದಳು. "ಕೇಳ್ತದಲ್ಲ? ಮತ್ತೆಂತ?"

"ಅದು ಗಾಳಿ ಬಡಿದದ್ದು," ಎಂದರು ತಾಯಿ. "ಈಗ ಹಿಂದೆ ನಿಂತು ಹೆಸರು ಕರಿ. ಕಾಲು ಬಡಿಯುದು ಬೇಡ, ಚಪ್ಪಾಳೆ ಬೇಡ. ಬರೇ ಹೆಸರು."

ಹನೀಫ್ ಕಾರ್ಪೆಟ್‌ನ ಮೇಲೆ ಮಗುವಿನ ಹಿಂದೆ ನಿಂತು ಕರೆದರು. "ಸನಾ." ಇನ್ನೊಮ್ಮೆ ಕರೆದರು. ಮತ್ತೊಮ್ಮೆ ಕರೆದಾಗ ಅವರ ಧ್ವನಿ ಕೆಲಸದ ಜಾಗದಲ್ಲಿ ಎಚ್ಚರಿಸುವವರ ಧ್ವನಿಯಾಗಿತ್ತು. ನಂತರ ಅವರು ಅಲ್ಲೇ ನೆಲಕ್ಕೆ ಕುಳಿತರು. ಅಪ್ಪ ಕುಳಿತದ್ದು ಕಣ್ಣಿಗೆ ಬಿದ್ದು ಸನಾ ಎದ್ದು ಬಂದು ಅವರ ಮಡಿಲು ಹತ್ತಿದಳು.

ಕೊನೆಗೆ ಹನೀಫ್, "ಟಿಕೆಟ್ ಆಗಿದೆ. ಊರಿಗೆ ಹೋಗ್ಲಿ, ಅಲ್ಲೇ ಯಾರಿಗಾದ್ರೂ ತೋರಿಸುವ," ಎಂದರು.

"ನಾನು ಕರ್ಕೊಂಡು ಹೋಗುದಿಲ್ಲ," ಎಂದರು ನೆಬಿಸಮ್ಮ.

"ಇದು ನಮ್ಮ ಮಗು ಅಲ್ಲ, ಜಿನ್ನ್ ಬದಲಿಸಿದೆ ಅಂತ ರಮೀಝಳ ಹತ್ರ ಹೇಳಿದ್ದು ನೀವೇ ಅಲ್ವಾ ಉಮ್ಮ?"

"ಜಿನ್ನ್ ಅಂತ ಈಗಲೂ ಹೇಳ್ತೇನೆ. ಆದ್ರೆ ಅದು ಕೊಂಡು ಹೋದದ್ದು ಕಿವಿಯನ್ನ. ಮಗುವನ್ನ ಅಲ್ಲ. ಮಗು ನಮ್ಮದೇ. ನೀನು ನಾಳೆ ಡಾಕ್ಟ್ರ ಹತ್ರ ಹೋಗು. ನಾನು ನೀರು ಊದಿಸಿ ಕಳಿಸ್ತೇನೆ. ಎರಡೂ ಆಗ್ಲಿ."

ಆಸ್ಪತ್ರೆಯಲ್ಲಿ ಪರೀಕ್ಷೆಗೆ ದಿನ ಸಿಗಲು ಮುಂದಿನ ವಾರವಾಯಿತು. ನಾನು ಜೊತೆಗೆ ಹೋಗಿದ್ದೆ. ಮಗುವಿಗೆ ನಿದ್ದೆ ಬರಿಸಿ, ತಲೆಗೆ ತಂತಿಗಳನ್ನು ಅಂಟಿಸಿ ನೋಡಿದರು. ಎರಡೂ ಕಿವಿಯಲ್ಲಿ ಶ್ರವಣಶಕ್ತಿ ಬಹಳ ಕಡಿಮೆ, ಪೂರ್ತಿ ಹೋಗಿಲ್ಲ ಎಂದರು ವೈದ್ಯೆ. ಜ್ವರದಿಂದ ಆಗಿರಬಹುದು ಎಂದರು. ಆಗಿದೆ ಎನ್ನಲಿಲ್ಲ. ಶ್ರವಣಸಾಧನ ಹಾಕಿ ಕೂಡಲೇ ತರಬೇತಿ ಶುರು ಮಾಡಬೇಕು, ಒಂದು ವರ್ಷ ಬಿಟ್ಟಿದ್ದರೆ ಮಾತು ಕಲಿಸುವುದು ಇನ್ನೂ ಕಷ್ಟವಾಗುತ್ತಿತ್ತು ಎಂದು ಸೇರಿಸಿದರು. ಮನೆಯಲ್ಲಿ ಎಷ್ಟು ಭಾಷೆ ಆಡುತ್ತೀರಿ ಎಂದು ವೈದ್ಯೆ ಕೇಳುತ್ತಾರೆಂದು ಹನೀಫ್ ಕಾದರು. ಆ ಪ್ರಶ್ನೆ ಬರಲಿಲ್ಲ. ಕೊನೆಗೆ ಹನೀಫ್ ತಾವೇ, ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಕೇಳಿದರು. ನಿಮಗೆ ಯಾವುದರಲ್ಲಿ ಮುದ್ದು ಮಾಡಲು ಬರುತ್ತದೋ ಅದರಲ್ಲೇ ಮಾತಾಡಿ ಎಂದರು ವೈದ್ಯೆ.

ಸನಾಳ ಟಿಕೆಟ್ ರದ್ದಾಯಿತು. ನೆಬಿಸಮ್ಮ ಒಬ್ಬರೇ ಹೊರಟರು. ಹೊರಡುವವರೆಗೂ ಪ್ರತಿ ಸಂಜೆ ಕೆಂಡದ ಮೇಲೆ ಲೋಬಾನ ಹಾಕಿ, ಮನೆಯ ಮೂಲೆ ಮೂಲೆಗೆ, ಕೊನೆಗೆ ಸನಾಳ ತಲೆಯ ಸುತ್ತ ಹೊಗೆ ಹಿಡಿದರು. ಮಗು ಹೊಗೆಯನ್ನು ಹಿಡಿಯಲು ಕೈ ಚಾಚುತ್ತಿತ್ತು. ಊರಿಗೆ ಹೋದ ಮೇಲೆ ಯಾರದೋ ಕೈಯಲ್ಲಿ ನೀರಿನ ಬಾಟಲಿ ಬಂತು. ರಮೀಝ ಅದನ್ನು ಫ್ರಿಜ್‌ನಲ್ಲಿ, ಮಗುವಿನ ಔಷಧಿಯ ಪಕ್ಕದಲ್ಲಿಟ್ಟಳು.

ಪ್ರದರ್ಶನ ಜನವರಿಯಲ್ಲಿ ನಡೆಯಿತು. ಉತ್ತರದ ಗಾಳಿ ಎದ್ದು ಧೂಳು ತುಂಬಿದ ದಿನ. ಬಂದವರೆಲ್ಲ ಕಣ್ಣುಜ್ಜಿಕೊಳ್ಳುತ್ತಾ ನೋಡಿದರು. ಖರ್ಜೂರದ ಪೆಟ್ಟಿಗೆಯ ಮನೆಯ ಮುಂದೆ ಅಫ್ರಾ ನಿಂತಿದ್ದಳು. ಬದಲಿಸಿದ ಮಗುವಿನ ಭಾಗದ ಕೊನೆಗೆ ಒಂದು ಸಾಲು ಸೇರಿಸಿದ್ದಳು: ಅಂಥ ಮಕ್ಕಳಲ್ಲಿ ಹಲವರು ಕಾಯಿಲೆಯ ಮಕ್ಕಳಾಗಿದ್ದಿರಬೇಕೆಂದು ಈಗಿನವರು ಊಹಿಸುತ್ತಾರೆ. 'ಊಹಿಸುತ್ತಾರೆ' ಎಂಬುದಕ್ಕೆ ಅಡಿಗೆರೆ ಹಾಕಿದ್ದಳು. ಪೋಷಕರೊಬ್ಬರು ನಿಂತು ಓದಿ, ಆಮೇಲೆ ಆ ಮಕ್ಕಳಿಗೆ ಏನಾಯಿತು ಎಂದು ಕೇಳಿದರು.

"ಗೊತ್ತಿಲ್ಲ ಅಂಕಲ್," ಎಂದಳು. "ಯಾರೂ ಬರೆದಿಟ್ಟ ಹಾಗೆ ಕಾಣ್ಲಿಲ್ಲ."

ಶ್ರವಣಸಾಧನ ಹಾಕಿದ ಮೊದಲ ವಾರ ಸನಾ ಅದನ್ನು ಕಿತ್ತೆಸೆದಳು. ಎರಡನೇ ವಾರ ಸೋಫಾದ ಅಡಿಯಲ್ಲಿ ಬಚ್ಚಿಟ್ಟಳು. ಮಿಕ್ಸಿ ಶುರುವಾದರೆ ಕಿರುಚುತ್ತಿದ್ದಳು. ಚಳಿ ಮುಗಿಯುವ ಹೊತ್ತಿಗೆ, ಕಿಟಕಿ ಮುಚ್ಚಿ ಎಸಿ ಹಾಕುವ ದಿನಗಳಲ್ಲಿ, ಅವಳು ಸುಮ್ಮನೆ ನಿಂತು ಎಸಿಯತ್ತ ಬೆರಳು ತೋರಿಸುವುದನ್ನು ಕಂಡೆ. ಅಷ್ಟರಲ್ಲಿ ನನ್ನ ಗಂಡನಿಗೆ ರಿಯಾದ್‌ಗೆ ವರ್ಗವಾಯಿತು.

ಸನಾ ಈ ವರ್ಷ ಅಕ್ಕನ ಶಾಲೆಯಲ್ಲೇ ಕೆಜಿಗೆ ಸೇರಿದ್ದಾಳೆ. ರಮೀಝ ಕಳೆದ ವಾರ ಕಳುಹಿಸಿದ ಧ್ವನಿಸಂದೇಶದ ಪ್ರಕಾರ, ತರಗತಿಯಲ್ಲಿ ಪಾಠದ ನಡುವೆ ಅವಳ ಮಾತು ಹೆಚ್ಚೆಂದು ಟೀಚರ್ ದೂರು ಹೇಳಿದ್ದಾರೆ. ಕಿವಿಯ ಕಾರಣಕ್ಕೆ ಸನಾಳನ್ನು ಮುಂದಿನ ಬೆಂಚಿನಿಂದ ಕದಲಿಸುವಂತಿಲ್ಲ. ಆದ್ದರಿಂದ ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯನ್ನು ಹಿಂದಿನ ಬೆಂಚಿಗೆ ಕಳುಹಿಸಲಾಗಿದೆ.